“ಟೆನ್ಷನ್ ಆದಾಗ ಏನು ಮಾಡ್ತೀರಿ?” ಎಂದು ಕೇಳುವವರಿಗೆ

ಸಿಗರೇಟು ಬಿಟ್ಟವನನ್ನು ಕಂಡರೆ ಜನ ಕೇಳುವುದು ಒಂದೇ ಪ್ರಶ್ನೆ: “ಬಿಟ್ಟಿರಿ, ಸರಿ. ಟೆನ್ಷನ್ ಆದಾಗ ಏನು ಮಾಡುತ್ತೀರಿ?” ಮೊದಮೊದಲು ಸಮಾಧಾನವಾಗಿಯೇ ಉತ್ತರಿಸುತ್ತಿದ್ದೆ, ಈಗ ಬಾಯಿ ಸೋತಿದೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳುಹಿಸುತ್ತೇನೆ. ಮಾತು ಒರಟಾಗಿ ಕಂಡರೆ ಅದು ನನ್ನ ಸ್ವಂತದ್ದು, ಸಿಗರೇಟು ಬಿಟ್ಟದ್ದರಿಂದ ಬಂದದ್ದಲ್ಲ.

ಕಳೆದ ವರ್ಷ ಮಂಡ್ಯದ ಬೀಗರೂಟವೊಂದರಲ್ಲಿ ಮುದ್ದೆ, ಮಟನ್ ಸಾರು ಮುಗಿಸಿ ಛತ್ರದ ಹೊರಗೆ ಬೀಡಾ ಅಗಿಯುತ್ತ ನಿಂತಿದ್ದೆ. ಹುಡುಗಿಯ ಸೋದರಮಾವ ಸಿಗರೇಟು ಹಚ್ಚಿಕೊಂಡು ಬಂದು, ನನ್ನ ಖಾಲಿ ಬೆರಳುಗಳನ್ನು ನೋಡಿ, “ನಿಮ್ದು ಮನ್ಸು ಗಟ್ಟಿ ಬುಡಿ ಸಾ. ನಮ್ ಕೈಲಾಗಕಿಲ್ಲ, ನಮ್ಗೆ ಟೆನ್ಸನ್ ಜಾಸ್ತಿ” ಎಂದರು. ಹೊಗಳಿಕೆಯಂತೆ ಕೇಳಿಸುವ ಈ ಮಾತಿನೊಳಗೆ, ನನಗೆ ಟೆನ್ಷನ್ನೇ ಇಲ್ಲವೆಂಬ ತೀರ್ಪು ಅಡಗಿದೆ. ನಾನು ಮೈಸೂರಿನ ಸರಸ್ವತಿಪುರಂನ ಒಂದು ಕಚೇರಿಯಲ್ಲಿ ಊರಿನವರ ತೆರಿಗೆ ಲೆಕ್ಕ ಬರೆಯುವವನು. ಜುಲೈ ಕೊನೆಯ ವಾರದಲ್ಲಿ ಕೈಚೀಲದ ತುಂಬ ಬಿಲ್ಲು ತಂದು ಮೇಜಿನ ಮೇಲೆ ಸುರಿದು, “ಇವತ್ತೇ ಆಗ್ಬೇಕು” ಎನ್ನುವವರ ಎದುರು ಕುಳಿತವನಿಗೆ ಟೆನ್ಷನ್ ಇಲ್ಲವೆಂದರೆ ಸಿಟ್ಟು ಬಾರದೆ ಇದ್ದೀತೇ?

ಗಟ್ಟಿ ಮನಸ್ಸನ್ನು ನಂಬಿಯೇ ನಾನು ಮೊದಲ ಸಲ ಬಿಟ್ಟದ್ದು, ಅದೂ ಒಂದು ಜುಲೈನಲ್ಲಿ. ನಿಕೋಟಿನ್ ಸಿಗದ ಮೈ ಅತಿ ಹೆಚ್ಚು ಕಾಡುವುದು ಮೊದಲ ಎರಡು ಮೂರು ದಿನ. ಆ ಮೂರು ದಿನಗಳನ್ನು ವರ್ಷದ ಅತಿ ಕೆಟ್ಟ ವಾರದಲ್ಲಿ ಇಟ್ಟುಕೊಂಡಿದ್ದ ನನ್ನ ಜಾಣತನಕ್ಕೆ ಮೂರನೆಯ ಸಂಜೆಯೇ ಬೆಂಕಿ ಬಿತ್ತು. ಎರಡನೆಯ ಸಲ ಮನಸ್ಸನ್ನು ಕೇಳದೆ ಕ್ಯಾಲೆಂಡರ್ ನೋಡಿದೆ. ದಸರೆಗೆ ಬಂದ ನೆಂಟರು ಊರು ಸೇರಿ, ಆಡಿಟ್ ವರದಿಗಳೂ ಹೋದ ಮೇಲೆ, 2019ರ ನವೆಂಬರ್ ಮೊದಲ ಸೋಮವಾರ ಬಿಟ್ಟೆ.

ಟೆನ್ಷನ್ನಿಗೆ ಸಿಗರೇಟೇ ಮದ್ದು ಎನ್ನುವವರಿಗೆ ನನ್ನ ಕಸುಬಿನ ಭಾಷೆಯಲ್ಲೇ ಹೇಳುತ್ತೇನೆ. ರಕ್ತದಲ್ಲಿನ ನಿಕೋಟಿನ್ ಸುಮಾರು 2 ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ಬೆಳಿಗ್ಗೆ ಒಂಬತ್ತೂವರೆಗೆ ಸೇದಿದವನಿಗೆ ಹನ್ನೊಂದರ ಹೊತ್ತಿಗೆ ಹುಟ್ಟುವ ಕಿರಿಕಿರಿಯಲ್ಲಿ ಒಂದು ಪಾಲು ಆ ಸಿಗರೇಟೇ ಬಿಟ್ಟುಹೋದ ಬಾಕಿ, ಎದುರಿಗೆ ಕುಳಿತ ಗಿರಾಕಿಯದಲ್ಲ. ಸಾಲ ಕೊಟ್ಟವನೇ ಬಡ್ಡಿಗೆ ಬಾಗಿಲು ಬಡಿದು, ಬಡ್ಡಿ ಕಟ್ಟಲು ತಾನೇ ಮತ್ತೆ ಸಾಲ ಕೊಟ್ಟು, ಆಪದ್ಬಾಂಧವನಂತೆ ನಿಲ್ಲುತ್ತಾನೆ. ಹತ್ತೊಂಬತ್ತು ವರ್ಷ ನಾನು ಅವನಿಗೆ ಕೈ ಮುಗಿದಿದ್ದೇನೆ.

ಆದರೆ ಸಿಗರೇಟಿನಿಂದ ನನಗೆ ನಿಜವಾಗಿ ಸಿಗುತ್ತಿದ್ದ ಒಂದು ಲಾಭವಿತ್ತು, ಅದನ್ನು ಯಾರೂ ಕೇಳುವುದಿಲ್ಲ. ದಿನಕ್ಕೆ ಹತ್ತು ಸಲ, ಸಲಕ್ಕೆ ಏಳೆಂಟು ನಿಮಿಷ, ನಾನು ಕುರ್ಚಿಯಿಂದ ಏಳುತ್ತಿದ್ದೆ. ಮೆಟ್ಟಿಲಿಳಿದು ಹೊಂಗೆ ಮರದ ಕೆಳಗಿನ ಪೆಟ್ಟಿಗೆ ಅಂಗಡಿಗೆ ಹೋಗಿ, ಕಂಬಕ್ಕೆ ಕಟ್ಟಿದ್ದ, ತುದಿಯಲ್ಲಿ ಕೆಂಡ ಹಿಡಿದು ಸದಾ ಹೊಗೆಯಾಡುವ ತೆಂಗಿನ ಹಗ್ಗಕ್ಕೆ ಬಾಗಿ ಹಚ್ಚಿಕೊಳ್ಳುತ್ತಿದ್ದೆ. ಒಂದೂ ಮಾತಾಡದೆ ರಸ್ತೆ ನೋಡುತ್ತಿದ್ದೆ. ಸಿಗರೇಟಿಗೆಂದು ಎದ್ದವನನ್ನು ನಮ್ಮ ಕಚೇರಿಯಲ್ಲಿ ಯಾರೂ ತಡೆಯುವುದಿಲ್ಲ, ಸುಮ್ಮನೆ ಎದ್ದವನನ್ನು ಮಾತ್ರ “ಎಲ್ಲಿಗೆ?” ಎಂದು ಕೇಳುತ್ತಾರೆ. ಜುಲೈನಲ್ಲಿ ನಾನು ಸಿಗರೇಟಿನ ಜೊತೆ ಈ ಬಿಡುವನ್ನೂ ಬಿಟ್ಟು, ಬೆಳಿಗ್ಗೆಯಿಂದ ರಾತ್ರಿಯವರೆಗೆ ಹಲ್ಲು ಕಚ್ಚಿ ಕುಳಿತಿದ್ದೆ. ನವೆಂಬರಿನಲ್ಲಿ ಅದೇ ಹೊತ್ತುಗಳಿಗೆ ಎದ್ದೆ. ಸೇದಬೇಕೆಂಬ ಒತ್ತಡ ಒಂದು ಸಲಕ್ಕೆ ಇರುವುದೇ ಕೆಲವು ನಿಮಿಷ, ಬೀದಿಯ ಒಂದು ಸುತ್ತು ಮುಗಿಯುವಷ್ಟರಲ್ಲಿ ಇಳಿದಿರುತ್ತಿತ್ತು. “ಎಲ್ಲಿಗೆ?” ಎಂದವರಿಗೆ “ಸಿಗರೇಟು ಸೇದದೆ ಇರುವುದಕ್ಕೆ” ಎಂದೆ. ಎರಡು ವಾರಕ್ಕೆ ಕೇಳುವುದು ನಿಂತಿತು.

ಕಾಫಿಯ ವಿಷಯವನ್ನು ನನಗೆ ಯಾರಾದರೂ ಮೊದಲೇ ಹೇಳಬೇಕಿತ್ತು. ಮೊದಲ ವಾರ ಪೆನ್ನು ಹಿಡಿದ ಕೈ ನಡುಗುತ್ತಿತ್ತು, ರಾತ್ರಿ ಎರಡಾದರೂ ನಿದ್ದೆಯಿಲ್ಲ, ನರಗಳೇ ಕೈಕೊಟ್ಟವೆಂದು ಹೆದರಿದ್ದೆ. ಸಿಗರೇಟಿನ ಹೊಗೆ ಮೈಯಲ್ಲಿ ಕೆಫೀನನ್ನು ಬೇಗ ಕರಗಿಸುತ್ತಿರುತ್ತದೆ. ಹೊಗೆ ನಿಂತರೆ ಅದೇ ಲೋಟದ ಕಾಫಿ ಹೆಚ್ಚು ಹೊತ್ತು ಉಳಿದು ಕುಣಿಸುತ್ತದೆ. ದಿನಕ್ಕೆ ಐದಿದ್ದ ಫಿಲ್ಟರ್ ಕಾಫಿ ಎರಡಕ್ಕಿಳಿದ ಮೇಲೆ ಕೈ ನಿಂತಿತು. ಮೈಸೂರಿನವನಿಗೆ ಇದು ಸಿಗರೇಟು ಬಿಟ್ಟದ್ದಕ್ಕಿಂತ ದೊಡ್ಡ ತ್ಯಾಗ, ಅದಕ್ಕೆ ಮಾತ್ರ ಯಾರೂ ಹೊಗಳಲಿಲ್ಲ. ನಿಕೋಟಿನ್ ಗಮ್ಮನ್ನೂ ತಂದಿದ್ದೆ. ಸ್ವಲ್ಪ ಅಗಿದು ಕೆನ್ನೆಯ ಸಂದಿಯಲ್ಲಿ ಇಟ್ಟುಕೊಳ್ಳಬೇಕಾದದ್ದನ್ನು ಬಬಲ್ ಗಮ್ಮಿನಂತೆ ಜಗಿದು, ಗಿರಾಕಿಯ ಮುಂದೆ ಅರ್ಧ ಗಂಟೆ ಬಿಕ್ಕಳಿಸಿದೆ. ಬಿಡಲು ಸಹಾಯ ಬೇಕೆನ್ನುವವರಿಗೆ ಸಿಗರೇಟು ಪ್ಯಾಕಿನ ಮೇಲೆಯೇ ಅಚ್ಚಾಗಿರುವ ಸಹಾಯವಾಣಿ 1800-11-2356 ಇದೆ, ಕರೆ ಉಚಿತ.

ಮಧ್ಯೆ ಒಂದು ಸಲ ಜಾರಿದ್ದೂ ಉಂಟು, ಒಂದು ಸಾವಿನ ಮನೆಯಲ್ಲಿ. ಮರುದಿನ ಹನ್ನೊಂದಕ್ಕೆ ಎಂದಿನಂತೆ ಬರಿಗೈಯಲ್ಲಿ ಮೆಟ್ಟಿಲಿಳಿದೆ. ಉತ್ಸಾಹವನ್ನು ನಂಬಿದ್ದರೆ ಅವತ್ತೇ ಎಲ್ಲ ಮುಗಿಯುತ್ತಿತ್ತು. ಅದು ಬೆಳಿಗ್ಗೆ ಇದ್ದರೆ ಸಂಜೆಗಿಲ್ಲ.

ನನ್ನನ್ನು ಕೇಳಬೇಕಾದ ಪ್ರಶ್ನೆ ಕೇಳಿದ್ದು ಪೆಟ್ಟಿಗೆ ಅಂಗಡಿಯವರೊಬ್ಬರೇ. ಹತ್ತು ದಿನ ನಾನು ಅಂಗಡಿ ದಾಟಿಕೊಂಡು ಹೋಗುವುದನ್ನು ನೋಡಿ, “ಏನ್ ಸ್ವಾಮಿ, ಈಗ ಈ ಹೊತ್ನಲ್ಲಿ ಎಲ್ಲಿಗ್ ಹೋಯ್ತೀರಿ?” ಎಂದರು. ವಿಷಯ ಹೇಳಿದೆ. ಗಾಜಿನ ಡಬ್ಬಿಯಿಂದ ಕಡಲೆ ಮಿಠಾಯಿ ತೆಗೆದುಕೊಟ್ಟು, ಲೆಕ್ಕದ ಪುಸ್ತಕ ಬಿಡಿಸಿ, ನನ್ನ ಹೆಸರಿನ ಮುಂದಿದ್ದ “ಸಿಗರೇಟು” ಎಂಬುದನ್ನು ಹೊಡೆದು “ಮಿಠಾಯಿ” ಎಂದು ಬರೆದುಕೊಂಡರು. ಹಳೆಯ ಬಾಕಿ 140 ರೂಪಾಯಿಯನ್ನು ಮಾತ್ರ ಹೊಡೆಯಲಿಲ್ಲ.