ಬಿ.ಎಚ್. ರಸ್ತೆಯ ‘ಎಚ್’

ನಮ್ಮ ಮನೆಯಿಂದ ಎರಡು ತಿರುವು ದಾಟಿದರೆ ತಿಪಟೂರಿನ ಬಿ.ಎಚ್. ರಸ್ತೆ. ಬ್ಯಾಂಕು, ಬಟ್ಟೆ ಅಂಗಡಿ, ಔಷಧಿ ಅಂಗಡಿ, ಎಲ್ಲದರ ಬೋರ್ಡಿನ ಕೊನೆಯ ಸಾಲಲ್ಲೂ ಅದೇ ಹೆಸರು. ಬಿ ಅಂದರೆ ಬೆಂಗಳೂರು, ಎಚ್ ಅಂದರೆ ಹೊನ್ನಾವರ ಅಂತ ಹೇಳಿಕೊಟ್ಟವನು ಅಪ್ಪ. ನಾನಾಗ ಎರಡನೇ ಕ್ಲಾಸು. “ಈ ರಸ್ತೆ ಹಿಡ್ಕೊಂಡು ಹೋಗ್ತಾ ಇದ್ರೆ ಸಮುದ್ರ ಸಿಗುತ್ತೆ ಕಣಮ್ಮ” ಅಂದಿದ್ದ. ಅದೇ ರಸ್ತೆಯ ಆಚೀಚೆ ಮೂವತ್ತೈದು ವರ್ಷ ಸೈಕಲ್ ತುಳಿದು ಕಾಗದ ಹಂಚಿದ. ಹೊನ್ನಾವರಕ್ಕೆ ಮಾತ್ರ ಹೋಗಿರಲಿಲ್ಲ.

ಕಳೆದ ಡಿಸೆಂಬರಿನಲ್ಲಿ ಹೋಗಿಬಂದೆವು, ಅಪ್ಪ ಮತ್ತು ನಾನು, ಎರಡು ಸೈಕಲಲ್ಲಿ. ಅಪ್ಪನಿಗೆ 64, ನನಗೆ 33. ನನ್ನದು ಬೆಂಗಳೂರಲ್ಲಿ ಕೊಂಡ ಗೇರ್ ಸೈಕಲ್. ಅಪ್ಪನದು ರಾಡ್ ಬ್ರೇಕಿನ ಕಪ್ಪು ಅಟ್ಲಾಸ್. ಬೇರೆ ಸೈಕಲ್ ಬಾಡಿಗೆಗೆ ತರುತ್ತೇನೆ ಅಂದೆ. “ಇದರ ಮೇಲೆ ನನ್ನ ಮೈ ಕೂತಿದೆ” ಅಂದ. ಮತ್ತೆ ನಾನು ಆ ಮಾತು ಎತ್ತಲಿಲ್ಲ. ಅಮ್ಮ ಉಂಡೆ ಕೊಬ್ಬರಿ ಒಡೆದು, ಬೆಲ್ಲದ ಜೊತೆ ಎರಡು ಡಬ್ಬಿಗೆ ತುಂಬಿ ಕೊಟ್ಟಳು. “ದಿನಾ ಸಾಯಂಕಾಲ ಫೋನ್ ಮಾಡ್ಬೇಕು” ಅಂತ ಇಬ್ಬರಿಂದಲೂ ಮಾತು ತೆಗೆದುಕೊಂಡಳು.

ತುಮಕೂರಿನಿಂದ ಹೊನ್ನಾವರಕ್ಕೆ ಹೋಗುವ ಈ ದಾರಿ ಮೊದಲು 206ನೇ ರಾಷ್ಟ್ರೀಯ ಹೆದ್ದಾರಿ, ಒಟ್ಟು 363 ಕಿ.ಮೀ. ಈಗ ಅದಕ್ಕೆ ಬೇರೆ ಸಂಖ್ಯೆಗಳು ಬಂದಿವೆ. ತಿಪಟೂರಿನಿಂದ ಲೆಕ್ಕ ಹಾಕಿದರೆ ನಮ್ಮ ಪಾಲಿಗೆ ಸುಮಾರು 290. ಬೀರೂರು, ಶಿವಮೊಗ್ಗ, ಸಾಗರಗಳಲ್ಲಿ ತಂಗಿ ನಾಲ್ಕನೇ ದಿನ ಹೊನ್ನಾವರ ಸೇರುವುದು ಅಂತ ತೀರ್ಮಾನ.

ಮೊದಲನೇ ದಿನವೇ ಒಂದು ಜಗಳ ಆಯಿತು. ಅರಸೀಕೆರೆ ಹತ್ತಿರ ನಾನು ಅಗಲವಾದ ಹೊಸ ರಸ್ತೆಯಲ್ಲೇ ನೆಟ್ಟಗೆ ಹೋಗಿಬಿಟ್ಟೆ. ತಿರುಗಿ ನೋಡಿದರೆ ಅಪ್ಪ ಇಲ್ಲ. ಫೋನ್ ಎತ್ತುತ್ತಿಲ್ಲ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಸೈಕಲ್ ತಿರುಗಿಸಿಕೊಂಡು ಬಂದರೆ ಅಪ್ಪ ಊರೊಳಗೆ ಅಂಚೆ ಕಚೇರಿ ಎದುರು ಕಾಲೂರಿ ನಿಂತಿದ್ದಾನೆ. ನಾನು ರೇಗಿದೆ. ಅವನು ಸಮಾಧಾನವಾಗಿ, “ಬಿ.ಎಚ್. ರಸ್ತೆ ಅಂದ್ರೆ ಊರೊಳಗಿರೋದೇ ಕಣಮ್ಮ. 573103” ಅಂದ.

ಆಮೇಲೆ ಪ್ರತಿ ಊರಿಗೂ ಅದೇ ಆಯಿತು. ಬೋರ್ಡ್ ಕಾಣುವ ಮೊದಲೇ ಅಪ್ಪನ ಬಾಯಲ್ಲಿ ಪಿನ್ ಕೋಡ್. ಬೀರೂರು 577116. ಶಿವಮೊಗ್ಗ 577201. “ನೋಡು, ನಮ್ಮದೂ 201, ಇವರದೂ 201, ಮೊದಲ ಮೂರಂಕಿ ಮಾತ್ರ ಬೇರೆ.” ಆ ಮೊದಲ ಮೂರಂಕಿಯೇ ಕಾಗದ ಯಾವ ಕಡೆಯ ಮೂಟೆಗೆ ಹೋಗಬೇಕು ಅಂತ ಹೇಳುವುದು, ಉಳಿದ ಮೂರು ಅಂಚೆ ಕಚೇರಿಯನ್ನು. ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ಕ್ಕೆ, ಅಪ್ಪ ಇಲಾಖೆಗೆ ಸೇರುವುದಕ್ಕೂ ಎಷ್ಟೋ ಮೊದಲು. ಹಳೆಯ ಪೋಸ್ಟ್‌ಮನ್ನುಗಳು ಅದನ್ನು ಮಗ್ಗಿಯ ಹಾಗೆ ಉರು ಹೊಡೆಸುತ್ತಿದ್ದರಂತೆ. ಊರುಗಳನ್ನು ಅಪ್ಪ ಒಂದೂ ನೋಡಿರಲಿಲ್ಲ, ಸಂಖ್ಯೆಗಳೆಲ್ಲ ಗೊತ್ತಿದ್ದವು. ಬೈಪಾಸ್ ಇದ್ದಲ್ಲೆಲ್ಲ ಬಿಟ್ಟು ಊರೊಳಗೆ ನುಗ್ಗಿದೆವು. ಭದ್ರಾವತಿ, ಶಿವಮೊಗ್ಗ, ಸಾಗರ, ಎಲ್ಲ ಕಡೆ ಅಂಗಡಿ ಬೋರ್ಡಿನ ಮೇಲೆ ನಮ್ಮ ಊರಿನದೇ ರಸ್ತೆಯ ಹೆಸರು. ಪ್ರತಿ ಸಲವೂ ಅಪ್ಪ ಅದನ್ನು ಗಟ್ಟಿಯಾಗಿ ಓದುತ್ತಿದ್ದ.

ತರೀಕೆರೆ ದಾಟಿದ ಮೇಲೆ ನಾನು ಹಿಂದೆ, ಅಪ್ಪ ಮುಂದೆ. ಹಾಗೆ ಹಿಂದಿನಿಂದ ಅವನನ್ನು ಇಷ್ಟು ಹೊತ್ತು ನೋಡಿದ್ದು ಇದೇ ಮೊದಲು. ಚಿಕ್ಕಂದಿನಲ್ಲಿ ನಾನು ಕೂರುತ್ತಿದ್ದದ್ದು ಮುಂದಿನ ಬಾರಿನ ಮೇಲೆ, ಟವೆಲ್ ಸುತ್ತಿ. ಆಗ ಕಾಣುತ್ತಿದ್ದದ್ದು ಅವನ ಕೈ ಮತ್ತು ಬೆಲ್ಲು ಮಾತ್ರ. ಈಗ ಕಾಲು ಕಂಡಿತು. ಎಡಗಾಲು ಮೇಲೆ ಬಂದಾಗಲೆಲ್ಲ ಮಂಡಿ ಹೊರಕ್ಕೆ ವಾಲುತ್ತಿತ್ತು. ಪಾದದ ಮುಂಭಾಗದಿಂದ ಒತ್ತುವ ಬದಲು ಹಿಮ್ಮಡಿ ಕೊಟ್ಟು ಒತ್ತುತ್ತಿದ್ದ. ಬಲಗಾಲು ಸರಿಯಾಗಿತ್ತು. ದಣಿವಿರಬೇಕು ಅಂದುಕೊಂಡೆ. ಆಯನೂರು, ಕುಂಸಿ ದಾಟಿ ಆನಂದಪುರದವರೆಗೂ ಒಂದೇ ತರಹ.

ಸಾಗರದ ಲಾಡ್ಜಿನಲ್ಲಿ ರಾತ್ರಿ ಸೈಕಲನ್ನು ವರಾಂಡದಲ್ಲಿ ತಲೆಕೆಳಗು ಮಾಡಿ ಮರುದಿನದ ಘಾಟಿಗೆ ಬ್ರೇಕ್ ರಬ್ಬರ್ ಬದಲಾಯಿಸುತ್ತಿದ್ದೆವು. ನಾನು ಮೊಬೈಲ್ ಟಾರ್ಚ್ ಹಿಡಿದಿದ್ದೆ. ಬೆಳಕು ಪೆಡಲಿನ ಮೇಲೆ ಬಿತ್ತು. ಬಲಗಡೆಯ ಪೆಡಲ್ ರಬ್ಬರು ಸಮನಾಗಿ ಸವೆದಿದೆ. ಎಡಗಡೆಯದು ಹಿಂದಿನ ಅರ್ಧ ಪೂರ್ತಿ ಸವೆದು ಕಬ್ಬಿಣ ಕಾಣುತ್ತಿದೆ, ಮುಂದಿನ ಅರ್ಧದ ಗೆರೆಗಳು ಇನ್ನೂ ಹೊಸದರ ಹಾಗಿವೆ. ಇದು ಮೂರು ದಿನದ ಸವೆತವಲ್ಲ.

“ಅಪ್ಪಾ, ನಿನ್ನ ಎಡಗಾಲಿಗೆ ಏನಾಗಿದೆ?”

ಅವನು ಪಾನಾದಿಂದ ನಟ್ಟು ಬಿಗಿಮಾಡಿ ಮುಗಿಸುವವರೆಗೂ ಮಾತಾಡಲಿಲ್ಲ. ಆಮೇಲೆ ಹೇಳಿದ. 1994ರ ಮಳೆಗಾಲ. ವೃದ್ಧಾಪ್ಯ ವೇತನದ ಮನಿಯಾರ್ಡರ್ ಬಂದ ದಿನ. ಚೀಲದಲ್ಲಿ ಹತ್ತೊಂಬತ್ತು ಜನರ ದುಡ್ಡು. ಕೆರೆ ಏರಿ ಇಳಿಯುವಾಗ ಚಕ್ರ ಜಾರಿ ಸೈಕಲ್ ಸಮೇತ ಮೋರಿಗೆ ಬಿದ್ದ. ಮಂಡಿ ಕಲ್ಲಿಗೆ ಬಡಿಯಿತು. ಚೀಲ ನೀರಿಗೆ ತಾಗದ ಹಾಗೆ ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡದ್ದರಿಂದ ಕೈಯೂರಿ ಏಳುವುದಕ್ಕಾಗದೆ ಸ್ವಲ್ಪ ಹೊತ್ತು ಹಾಗೇ ಕೂತಿದ್ದನಂತೆ. ಆಮೇಲೆ ಸೈಕಲ್ ತಳ್ಳಿಕೊಂಡು ಹೋಗಿ ಹತ್ತೊಂಬತ್ತು ಜನಕ್ಕೂ ಹಣ ಎಣಿಸಿ ಕೊಟ್ಟು, ಹೆಬ್ಬೆಟ್ಟು ಒತ್ತಿಸಿಕೊಂಡು, ಕತ್ತಲಾದ ಮೇಲೆ ಮನೆಗೆ ಬಂದ. ನಾಟಿ ವೈದ್ಯರ ಹತ್ತಿರ ನಾಲ್ಕು ದಿನ ಎಣ್ಣೆ ಹಾಕಿಸಿಕೊಂಡದ್ದು ಬಿಟ್ಟರೆ ಬೇರೆ ಔಷಧಿ ಇಲ್ಲ. ಮಂಡಿ ಮತ್ತೆ ಪೂರ್ತಿ ಮಡಚಲೇ ಇಲ್ಲ.

“ಅಮ್ಮನಿಗೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಬೀಟ್ ಬದಲಾಯಿಸ್ಕೋ ಅಂತಿದ್ಲು. ಆ ಬೀಟಲ್ಲಿ ಅರ್ಧ ಜನಕ್ಕೆ ಓದೋಕೆ ಬರ್ತಿರಲಿಲ್ಲ. ಕಾಗದ ಕೊಟ್ಟು, ಕೂತು ಓದಿ ಹೇಳ್ಬೇಕಿತ್ತು. ಹೊಸಬ ಬಂದ್ರೆ ಕೊಟ್ಟು ಹೋಗ್ತಾನೆ.”

ಮೂವತ್ತು ವರ್ಷ ಒಂದೇ ಮನೆಯಲ್ಲಿ ಉಂಡಿದ್ದೇವೆ. ಅಪ್ಪ ನೆಲದ ಮೇಲೆ ಊಟಕ್ಕೆ ಕೂರುವಾಗ ಎಡಗಾಲು ಚಾಚಿ ಕೂರುವುದನ್ನು ದಿನವೂ ನೋಡಿದ್ದೇನೆ. ಅದು ಅವನು ಕೂರುವ ರೀತಿ ಅಂತಲೇ ತಿಳಿದಿದ್ದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾಲ್ಕನೇ ದಿನ ಬೆಳಗಿನ ಐದೂವರೆಗೆ ಮಂಜಿನಲ್ಲಿ ಹೊರಟೆವು. ತಾಳಗುಪ್ಪದಲ್ಲಿ ರೈಲು ಹಳಿ ಮುಗಿಯುತ್ತದೆ, ರಸ್ತೆ ಮುಗಿಯುವುದಿಲ್ಲ. ಜೋಗದಲ್ಲಿ ಡಿಸೆಂಬರಿನ ನೀರು ತೆಳ್ಳಗಿತ್ತು. ಆದರೂ 253 ಮೀಟರ್ ಆಳಕ್ಕೆ ಅದು ಇಳಿಯುವುದನ್ನು ಅಪ್ಪ ಕಂಬಿ ಹಿಡಿದು ಬಹಳ ಹೊತ್ತು ನೋಡಿದ. ಅಲ್ಲಿಂದ ಮುಂದೆ ಮಾವಿನಗುಂಡಿ. “ಪಿನ್ ಕೋಡಲ್ಲಿ 57 ಮುಗೀತು, ಇನ್ನು 58” ಅಂತ ಒಂದು ಕೈ ಎತ್ತಿದ.

ಮಾಲೆಮನೆ ಘಾಟಿ ಇಳಿದದ್ದನ್ನು ನಾನು ಮರೆಯುವುದಿಲ್ಲ. ಸಿಂಗಳೀಕಗಳ ಕಾಡು, ನೆಲಕ್ಕೆ ಬಿಸಿಲೇ ಬೀಳದ ತಿರುವುಗಳು. ರಾಡ್ ಬ್ರೇಕ್ ರಿಮ್ಮಿನ ಒಳಮೈಗೆ ರಬ್ಬರನ್ನು ಒತ್ತುತ್ತದೆ. ರಿಮ್ ಒದ್ದೆಯಾದರೆ ಹಿಡಿಯುವುದಿಲ್ಲ, ಒಂದೇ ಸಮನೆ ಒತ್ತಿದರೆ ರಬ್ಬರ್ ಕಾದು ಸವೆಯುತ್ತದೆ. ಅಪ್ಪ ಬಿಟ್ಟು ಬಿಟ್ಟು ಹಿಡಿಯುತ್ತಿದ್ದ. ಸ್ವಲ್ಪ ದೂರಕ್ಕೊಮ್ಮೆ ಇಳಿದು, ಹಿಂಗೈಯಿಂದ ರಿಮ್ ಮುಟ್ಟಿ ನೋಡಿ, ಆರುವವರೆಗೆ ನಿಂತು ಮತ್ತೆ ಹೊರಡುತ್ತಿದ್ದ. ಕಡಿದಾದ ತಿರುವುಗಳಲ್ಲಿ ತಳ್ಳಿಕೊಂಡೇ ಇಳಿದ. ನಾನೂ ಇಳಿದು ಅವನ ಎಡಗಡೆ ನಡೆದೆ. ಲಾರಿಗಳು ಹಾರ್ನ್ ಹೊಡೆದು ಹೋಗುತ್ತಿದ್ದವು. ಇಬ್ಬರೂ ಒಂದು ಮಾತೂ ಆಡಲಿಲ್ಲ.

ಗೇರುಸೊಪ್ಪೆಯಲ್ಲಿ ಸೆಕೆ ಶುರುವಾಯಿತು. ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿ ಆಳಿದ ಊರು ಅಂತ ನಾನು ಹೇಳಿದೆ, ಅಪ್ಪ ತಲೆಯಾಡಿಸಿ ಎರಡು ಲೋಟ ಮುರುಗಲು ಪಾನಕ ಕುಡಿದ. ಆಮೇಲೆ ಶರಾವತಿ ಎಡಗಡೆ ಸಿಕ್ಕಿತು. ಅಗಲವಾಗುತ್ತಾ, ನಿಧಾನವಾಗುತ್ತಾ ನಮ್ಮ ಜೊತೆಗೇ ಬಂತು.

ಹೊನ್ನಾವರದಲ್ಲಿ ನಮ್ಮ ರಸ್ತೆ ಕರಾವಳಿಯ ಹೆದ್ದಾರಿಗೆ ಕೂಡಿ ಮುಗಿಯುತ್ತದೆ. ಅಲ್ಲಿ ಸಮುದ್ರ ಕಾಣುವುದಿಲ್ಲ, ಕಾಣುವುದು ಬಸ್ಸು, ಲಾರಿ, ಆಟೋ. ಅಪ್ಪ ಮುಂದಿನ ಚಕ್ರವನ್ನು ಸರಿಯಾಗಿ ಎರಡು ರಸ್ತೆ ಕೂಡುವ ಜಾಗಕ್ಕೆ ತಂದು ನಿಲ್ಲಿಸಿ, “581334” ಅಂದ. ಸಮುದ್ರಕ್ಕಿಂತ ಮೊದಲು ಅಂಚೆ ಕಚೇರಿಗೆ ಹೋಗಬೇಕು ಅಂದ. ಬೀಟ್ ಮುಗಿಸಿ ಬಂದ ಪೋಸ್ಟ್‌ಮನ್ ಒಬ್ಬರು ಸಿಕ್ಕರು. ಇಬ್ಬರೂ ಬಾಗಿಲ ಪಕ್ಕದ ನೆರಳಲ್ಲಿ ನಿಂತು ಅರ್ಧ ಗಂಟೆ ಮಾತಾಡಿದರು. ಒಂದು ದಿನಕ್ಕೆ ಎಷ್ಟು ಮನೆ, ಮಳೆಗಾಲದಲ್ಲಿ ಚೀಲಕ್ಕೆ ಏನು ಹೊದಿಸುತ್ತೀರಿ, ಅದೇ ಮಾತು. ಅಪ್ಪ ಒಂದು ಪೋಸ್ಟ್ ಕಾರ್ಡ್ ಕೊಂಡು ಅಮ್ಮನಿಗೆ ನಾಲ್ಕು ಸಾಲು ಬರೆದ.

ಮರುದಿನ ತಿಪಟೂರು ಕಡೆ ಹೊರಟಿದ್ದ ಲಾರಿಯಲ್ಲಿ ಸೈಕಲ್ ಹಾಕಿ ನಾವು ಬಸ್ ಹತ್ತಿದೆವು. ಬೆಂಗಳೂರಿಗೆ ಹೊರಡುವ ಮುಂಚೆ ಎಡಗಡೆಗೆ ಹೊಸ ಪೆಡಲ್ ತಂದು ಹಾಕಿಸಿದೆ. ಅಮ್ಮನಿಗೆ ಮಂಡಿಯ ವಿಷಯ ಅಪ್ಪನೇ ಹೇಳಿದ, ನಾನು ಪಕ್ಕದಲ್ಲಿದ್ದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗಿ ಎಣ್ಣೆ ಕಾಯಿಸಿ ತಂದಳು.

ಕಾರ್ಡು ಐದನೇ ದಿನಕ್ಕೆ ಬಂತು. ಅಪ್ಪ ಅದನ್ನು ಪೋಸ್ಟ್‌ಮನ್ ಕೈಯಿಂದ ತೆಗೆದುಕೊಂಡು, ಕನ್ನಡಕ ಹಾಕಿ, ಬರೆದದ್ದನ್ನು ಬಿಟ್ಟು ಮೊದಲು ಹೊನ್ನಾವರದ ಮುದ್ರೆ ನೋಡಿದನಂತೆ. ಆಮೇಲೆ ಅಡುಗೆಮನೆಗೆ ಹೋಗಿ, ಬಾಗಿಲಲ್ಲಿ ನಿಂತು ಅಮ್ಮನ ಹೆಸರು ಹಿಡಿದು ಕೂಗಿ, ಬೀಟಿನಲ್ಲಿ ಓದುತ್ತಿದ್ದ ಹಾಗೆಯೇ ಓದಿ ಹೇಳಿದನಂತೆ.