‘ಊರಿಗೆ ಏನಾದ್ರೂ ಮಾಡ್ಬೇಕು, ಎಲ್ಲಿಂದ ಶುರು ಮಾಡ್ಲಿ ಅಕ್ಕಾ?’

ಜೂನ್ ತಿಂಗಳು ಬಂತು ಅಂದರೆ ನನ್ನ ಫೋನಿಗೆ ಈ ಪ್ರಶ್ನೆಯೂ ಮಳೆಯ ಜೊತೆಗೇ ಬರುತ್ತದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ಕಡೆಯ ಹುಡುಗರು, ಡಿಗ್ರಿ ಮುಗಿಸಿ ಮನೆಯಲ್ಲಿರುವ ಹುಡುಗಿಯರು, ರಿಟೈರ್ ಆಗಿ ಮಡಿಕೇರಿಯಲ್ಲಿ ಮನೆ ಕಟ್ಟಿಕೊಂಡವರು, ಎಲ್ಲರೂ ಕೇಳುವುದು ಇದನ್ನೇ. ಹಿಂದೆಯೇ ಇನ್ನೊಂದು ಪ್ರಶ್ನೆಯೂ ಇರುತ್ತದೆ: “ಯಾವ ಸಂಘಕ್ಕೆ ಸೇರ್ಲಿ?”

ನನ್ನನ್ನೇ ಯಾಕೆ ಕೇಳುತ್ತಾರೆ ಅಂದರೆ, ಕೊಡಗಿನ ಸುಂಟಿಕೊಪ್ಪದ ಕಡೆ ನನ್ನದೊಂದು ಪುಟ್ಟ ಜೆರಾಕ್ಸ್ ಅಂಗಡಿ ಇದೆ. ಅರ್ಜಿ ತುಂಬಿಸುವುದು, ಪಹಣಿ ತೆಗೆದುಕೊಡುವುದು, ಫೋಟೋ ಪ್ರಿಂಟ್ ಹಾಕುವುದು ಕೆಲಸ. 2018ರ ಆಗಸ್ಟಿನಲ್ಲಿ ಅಂಗಡಿ ಬಾಗಿಲು ಹಾಕಿ ಕೆಲವು ವಾರ ಪರಿಹಾರ ಕೇಂದ್ರದಲ್ಲಿ ಕೂತಿದ್ದೆ. ಅವತ್ತಿನಿಂದ ನಾನು ಊರವರ ಬಾಯಲ್ಲಿ ‘ಸಮಾಜ ಸೇವೆ ಅಕ್ಕ’. ಬೇಡ ಅಂದರೂ ಬಿಡಲಿಲ್ಲ.

ಸಂಘದ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ನಾನು ಹೇಗೆ ಶುರು ಮಾಡಿದೆ, ಎಷ್ಟು ಕೆಟ್ಟದಾಗಿ ಮಾಡಿದೆ ಅಂತ ಕೇಳಿ.

ಆ ವರ್ಷ ಆಗಸ್ಟ್ 16, 17ರ ಹೊತ್ತಿಗೆ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಜೋಡುಪಾಲ ಕಡೆ ಗುಡ್ಡಗಳು ಜರಿದವು. ತೋಟ, ಮನೆ, ರಸ್ತೆ ಎಲ್ಲಾ ಒಟ್ಟಿಗೆ ಕೆಳಗೆ ಬಂತು. ಉಟ್ಟ ಬಟ್ಟೆಯಲ್ಲೇ ಜನ ಇಳಿದು ಬಂದರು. ನಾನು ಅಕ್ಕಪಕ್ಕದ ಮನೆಗಳಲ್ಲಿ ಹಳೆ ಬಟ್ಟೆ ಕೇಳಿ ಮೂಟೆ ಕಟ್ಟಿದೆ, ಅಂಗಡಿಯಲ್ಲಿದ್ದ ದುಡ್ಡಿಗೆ ಬಿಸ್ಕೆಟ್ ಬಾಕ್ಸ್ ತೆಗೆದುಕೊಂಡೆ, ತಮ್ಮನ ಓಮ್ನಿಯಲ್ಲಿ ಹಾಕಿಸಿಕೊಂಡು ಪರಿಹಾರ ಕೇಂದ್ರಕ್ಕೆ ಹೋದೆ. ದೊಡ್ಡ ಕೆಲಸ ಮಾಡಿದೆ ಅಂತ ಒಳಗೊಳಗೇ ಹೆಮ್ಮೆ.

ಅಲ್ಲಿ ಒಂದು ಕೋಣೆಯ ಬಾಗಿಲು ತೆಗೆದು ತೋರಿಸಿದರು. ನೆಲದಿಂದ ಕಿಟಕಿಯವರೆಗೆ ಬಿಸ್ಕೆಟ್ಟೇ. ವರಾಂಡದಲ್ಲಿ ಬಟ್ಟೆಯ ರಾಶಿ. ಜರಿ ಸೀರೆ, ಹರಿದ ಪ್ಯಾಂಟ್, ಜೋಡಿ ಇಲ್ಲದ ಒಂಟಿ ಶೂ, ಯಾರದೋ ಮದುವೆಯ ಕೋಟ್. ಮಳೆಗೆ ನೆನೆದು ಮುಗ್ಗಲು ವಾಸನೆ ಬರುತ್ತಿತ್ತು. ಅದನ್ನು ವಿಂಗಡಿಸುವುದಕ್ಕೇ ಏಳೆಂಟು ಜನ ಬೇಕಾಗಿದ್ದರು. ನನ್ನ ಮೂಟೆ ಅದರ ಮೇಲೆ ಇನ್ನೊಂದು.

ಮೂಲೆಯಲ್ಲಿ ಚಾಪೆ ಮೇಲೆ ಕೂತಿದ್ದ ಒಬ್ಬ ಅಜ್ಜಿ ಕೈಸನ್ನೆ ಮಾಡಿ ಕರೆದರು. “ಮಗಾ, ಒಂದು ಕನ್ನಡಕ ಸಿಗ್ತದಾ? ಓದೋಕಲ್ಲ. ಮಾತ್ರೆ ಯಾವುದು ಅಂತ ನೋಡೋಕೆ.” ಬಿಪಿ ಮಾತ್ರೆ ಸೆರಗಿನ ಗಂಟಿನಲ್ಲಿ ಬಂದಿತ್ತು, ಕನ್ನಡಕ ಮನೆಯಲ್ಲೇ ಉಳಿದಿತ್ತು. ಆಮೇಲೆ ಉಳಿದವರನ್ನೂ ಕೇಳುತ್ತಾ ಹೋದೆ. ಒಬ್ಬರಿಗೆ ಫೋನ್ ಚಾರ್ಜರ್, ಇನ್ನೊಬ್ಬರಿಗೆ ಹವಾಯಿ ಚಪ್ಪಲಿ. ಹೆಂಗಸರು ಹತ್ತಿರ ಕರೆದು ಕಿವಿಯಲ್ಲಿ ಹೇಳಿದ್ದು ಒಳ ಉಡುಪು ಮತ್ತು ಪ್ಯಾಡ್. ಆ ಮೂಟೆಗಳಲ್ಲಿ ಇದ್ಯಾವುದೂ ಇರಲಿಲ್ಲ. ನಾನು ಕೇಳದೆ ತಂದಿದ್ದೆ, ಅಷ್ಟೇ.

ಮಾರನೇ ದಿನ ಒಂದು ಇನ್ನೂರು ಪೇಜಿನ ನೋಟ್‌ಬುಕ್ ಮತ್ತು ಎರಡು ಪೆನ್ನು ಹಿಡಿದುಕೊಂಡು ಹೋದೆ. ಹೆಸರು, ಊರು, ಮನೆಯಲ್ಲಿ ಎಷ್ಟು ಜನ, ಯಾವ ಮಾತ್ರೆ, ಏನು ಬೇಕು, ಯಾರಿಗೆ ಫೋನ್ ಮಾಡಬೇಕು. ಇಷ್ಟು ಬರೆದುಕೊಳ್ಳುವುದು. ಸಂಜೆ ಅದನ್ನು ನೋಡಿ ಕೇಂದ್ರದವರು ಬೇಕಾದದ್ದನ್ನು ತರಿಸುತ್ತಿದ್ದರು. ನಾನು ಅಲ್ಲಿ ಮಾಡಿದ ಮೊದಲ ಉಪಯೋಗದ ಕೆಲಸ ಅದೇ. ಅದಕ್ಕೆ ಬೇಕಾದದ್ದು ಅಕ್ಷರ ಮತ್ತು ತಾಳ್ಮೆ. ಹಾಂ, ಭಾಷೆಯೂ ಬೇಕಿತ್ತು. ನಮ್ಮ ಕಡೆ ಒಂದೇ ಬೀದಿಯಲ್ಲಿ ಕನ್ನಡ, ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ತಮಿಳು ಎಲ್ಲಾ ಕೇಳಿಸುತ್ತದೆ. ಗಾಬರಿಯಲ್ಲಿರುವವರಿಗೆ ತಮ್ಮ ಮನೆಮಾತಿನಲ್ಲೇ ಮಾತು ಬರುವುದು. ಮಲಯಾಳ ಗೊತ್ತಿದ್ದ ಹೈಸ್ಕೂಲ್ ಹುಡುಗಿಯೊಬ್ಬಳು ಆ ವಾರ ನಮ್ಮೆಲ್ಲರಿಗಿಂತ ಜಾಸ್ತಿ ಕೆಲಸ ಮಾಡಿದಳು.

ನಿಜವಾದ ಕೆಲಸ ಶುರುವಾದದ್ದು ಮಾತ್ರ ಆಮೇಲೆ. ಸೆಪ್ಟೆಂಬರ್ ಹೊತ್ತಿಗೆ ಬಿಸ್ಕೆಟ್ ಲಾರಿಗಳು ನಿಂತವು. ನವೆಂಬರಿನಲ್ಲಿ ಕಾಫಿ ಕೊಯ್ಲು ಶುರುವಾಯಿತು, ಊರವರಿಗೂ ಪುರುಸೊತ್ತಿಲ್ಲ. ಆಗ ಜನ ನನ್ನ ಅಂಗಡಿಗೆ ಬರುವುದಕ್ಕೆ ಶುರು ಮಾಡಿದರು, ಪ್ಲಾಸ್ಟಿಕ್ ಕವರಿನಲ್ಲಿ ಕೆಸರು ಮೆತ್ತಿದ ಕಾಗದ ಹಿಡಿದುಕೊಂಡು. ರೇಷನ್ ಕಾರ್ಡ್ ಇಲ್ಲ, ಆಧಾರ್ ಇಲ್ಲ, ಬ್ಯಾಂಕ್ ಪಾಸ್‌ಬುಕ್ ಮಣ್ಣಿನಡಿ. ಪಹಣಿ ತೆಗೆದರೆ ಅದರಲ್ಲಿ ಇನ್ನೂ ತಾತನ ಹೆಸರು, ಪಕ್ಕದಲ್ಲಿ ಸಾಲಾಗಿ ಪಾಲುದಾರರು. ಜಮ್ಮಾ ಜಾಗ, ಅಂದರೆ ತಲೆತಲಾಂತರದಿಂದ ಮನೆತನಕ್ಕೆ ಬಂದ ಜಮೀನು, ಇರುವ ಮನೆತನಗಳಿಗೆ ಈ ತಾಪತ್ರಯ ಗೊತ್ತೇ ಇದೆ. ತೋಟದ ಲೈನ್ ಮನೆಯಲ್ಲಿ, ಅಂದರೆ ಮಾಲೀಕರು ಸಾಲಾಗಿ ಕಟ್ಟಿಸಿದ ಮನೆಗಳಲ್ಲಿ, ಇದ್ದ ಕಾರ್ಮಿಕರ ಕಷ್ಟ ಇನ್ನೂ ಬೇರೆ. ಮನೆ ಅವರ ಹೆಸರಲ್ಲೇ ಇರಲಿಲ್ಲ, ಹೋದದ್ದು ನಮ್ಮ ಮನೆ ಅಂತ ತೋರಿಸುವುದಾದರೂ ಹೇಗೆ?

ಒಬ್ಬರು ಒಂದೇ ಅರ್ಜಿಗೆ ಒಂದು ಕಚೇರಿಗೆ ಐದು ಸಲ ಅಲೆದರು. ಪ್ರತಿ ಸಲವೂ ಒಂದು ಕಾಗದ ಕಡಿಮೆ. ಆರನೇ ಸಲ ನಾನು ಅವರ ಜೊತೆ ಹೋಗಿ, ಬೇಕಾದ ಕಾಗದ ಎಲ್ಲಾ ಒಂದೇ ಚೀಟಿಯಲ್ಲಿ ಬರೆಸಿಕೊಂಡು ಬಂದೆ. ಅಷ್ಟಕ್ಕೆ ಅರ್ಧ ದಿನ ಹೋಯಿತು. ಆದರೆ ಆ ಚೀಟಿಯ ಜೆರಾಕ್ಸ್ ಆಮೇಲೆ ಬಂದವರಿಗೆಲ್ಲಾ ಕೊಟ್ಟೆ. ಜಂಬೂರು, ಮದೆನಾಡಿನ ಕಡೆ ಕಟ್ಟಿಸಿದ ಮನೆಗಳ ಕೀಲಿಕೈ ಜನರ ಕೈಗೆ ಬಂದದ್ದು 2020ರ ಜೂನಿನಲ್ಲಿ. ಹತ್ತಿರ ಹತ್ತಿರ ಎರಡು ವರ್ಷ. ಅಷ್ಟೂ ದಿನ ಕೆಲಸ ಇತ್ತು, ಕೈಗಳು ಇರಲಿಲ್ಲ.

ಹಾಗಾಗಿ ಎಲ್ಲಿಂದ ಶುರು ಮಾಡಲಿ ಅನ್ನುವವರಿಗೆ ನಾನು ತಿರುಗಿ ಕೇಳುವುದು ಒಂದೇ: ಯಾವ ದಿನ, ಎಷ್ಟು ಹೊತ್ತು ಕೊಡ್ತೀರಿ? “ಯಾವಾಗ ಬೇಕಾದ್ರೂ ಕರೀರಿ ಅಕ್ಕಾ” ಅನ್ನುವವರು ಸಾಮಾನ್ಯವಾಗಿ ಬರುವುದಿಲ್ಲ. “ಶನಿವಾರ ಮಧ್ಯಾಹ್ನ ಎರಡು ಗಂಟೆ” ಅನ್ನುವವರು ಬರುತ್ತಾರೆ. ಮೂರು ತಿಂಗಳು ತಪ್ಪದೆ ಮಾಡುವಷ್ಟು ಸಣ್ಣ ಕೆಲಸ ಹಿಡಿಯಿರಿ. ಯಾರೂ ಫೋಟೋ ತೆಗೆಯದ ಕೆಲಸವಾದರೆ ಇನ್ನೂ ಒಳ್ಳೆಯದು, ಅಲ್ಲಿ ಪೈಪೋಟಿ ಇರುವುದಿಲ್ಲ.

ಸುಮ್ನೆ ನೋಡಿ, ನಮ್ಮಲ್ಲಿ ಇದು ಹೊಸದೇನೂ ಅಲ್ಲ. ಊರಲ್ಲಿ ಒಂದು ಸಾವಾದರೆ ಯಾರೂ ಯಾರನ್ನೂ ಕರೆಯುವುದಿಲ್ಲ. ಒಬ್ಬರು ಸೌದೆಗೆ, ಒಬ್ಬರು ಅಡುಗೆಗೆ, ಒಬ್ಬರು ನೆಂಟರಿಗೆ ಸುದ್ದಿ ಮುಟ್ಟಿಸಲಿಕ್ಕೆ ಅಂತ ತಾವೇ ಹಂಚಿಕೊಂಡು ನಿಲ್ಲುತ್ತಾರೆ. ನಾಟಿ ಸಮಯದಲ್ಲಿ ಮುಯ್ಯಾಳು ಇತ್ತಲ್ವಾ, ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಗದ್ದೆಗಳು ಕಡಿಮೆಯಾದವು, ಮುಯ್ಯೂ ಕಡಿಮೆಯಾಯಿತು. ಆದರೆ ಆ ಬುದ್ಧಿ ಇನ್ನೂ ಹೋಗಿಲ್ಲ ಅಂತ ನನ್ನ ನಂಬಿಕೆ.

ಊರಲ್ಲೇ ಇರುವವರು ಗ್ರಾಮಸಭೆಯಿಂದ ಶುರು ಮಾಡಬಹುದು. ನಗಬೇಡಿ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕು ಅಂತ ಕಾನೂನೇ ಇದೆ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಯಾರು ಬೇಕಾದರೂ ಹೋಗಿ ಮಾತಾಡಬಹುದು. ನಮ್ಮಲ್ಲಿ ಟೀ ಅಂಗಡಿಯ ಬೆಂಚಿನಲ್ಲಿ ಜಾಗ ಸಿಗುವುದಿಲ್ಲ, ಗ್ರಾಮಸಭೆಯ ಕುರ್ಚಿ ಖಾಲಿ. ನಾನು ಮೊದಲ ಸಲ ಹೋದಾಗ ಎದ್ದು ನಿಂತು ಕೇಳಿದ್ದು ಒಂದು ಮೋರಿಯ ಬಗ್ಗೆ. ಮೋರಿ ಅಂದರೆ ರಸ್ತೆಯಡಿ ನೀರು ಹೋಗುವ ತೂಬು. ಅದು ಕಟ್ಟಿಕೊಂಡು ಮಳೆ ನೀರು ಇಡೀ ರಸ್ತೆ ಮೇಲೆ ಹರಿದು, ಕೆಳಗಿನ ಮನೆಯ ಬರೆಗೆ, ಅಂದರೆ ಮನೆ ಪಕ್ಕದ ಕಡಿದಾದ ಮಣ್ಣಿನ ಇಳಿಜಾರಿಗೆ, ನುಗ್ಗುತ್ತಿತ್ತು. ನಡಾವಳಿ ಪುಸ್ತಕದಲ್ಲಿ ಬರೆಸಿದೆ. ಮುಂದಿನ ಸಭೆಯಲ್ಲಿ ಏನಾಯಿತು ಅಂತ ಮತ್ತೆ ಕೇಳಿದೆ. ಮೂರನೇ ಸಭೆಯ ಹೊತ್ತಿಗೆ ನನ್ನ ಮುಖ ನೋಡಿದರೇ ಮೋರಿ ನೆನಪಾಗುವ ಹಾಗಾಗಿತ್ತು. ಆಯಿತು, ಮಾಡಿಸಿದರು.

ಅದರ ಜೊತೆಗೆ ಮೇ ತಿಂಗಳಲ್ಲಿ, ಮುಂಗಾರು ಹಿಡಿಯುವ ಮೊದಲು, ಎರಡು ಭಾನುವಾರ ರಸ್ತೆ ಬದಿಯ ಚರಂಡಿ ಬಿಡಿಸುತ್ತೇವೆ. ಹತ್ತು ಹನ್ನೆರಡು ಜನ ಇದ್ದರೆ ಒಂದು ಬೆಳಗ್ಗೆ ಸಾಕು. ತರಗೆಲೆ, ಮಣ್ಣು, ಮತ್ತೆ ಪ್ರವಾಸಿಗರು ಕಾರಿನಿಂದ ಎಸೆದ ನೀರಿನ ಬಾಟಲಿ, ಚಿಪ್ಸ್ ಕವರ್. ಪ್ರವಾಸಿಗರನ್ನು ಬೈದುಕೊಂಡು ಎತ್ತುತ್ತಿರುವಾಗ ನಮ್ಮೂರ ಬೇಕರಿಯ ಕವರೂ ಅಷ್ಟೇ ಸಿಗುತ್ತದೆ. ಆಗ ಎಲ್ಲರೂ ಸ್ವಲ್ಪ ಹೊತ್ತು ಮಾತು ನಿಲ್ಲಿಸುತ್ತಾರೆ.

ಓದಿದವರಿಗೆ ಇನ್ನೊಂದು ಜಾಗ ಇದೆ. ಗ್ರಾಮ ಪಂಚಾಯಿತಿಯ ಲೈಬ್ರರಿ. ಈಗ ಅದಕ್ಕೆ ಅರಿವು ಕೇಂದ್ರ ಅಂತ ಹೆಸರು. ತೋಟಗಳಿಗೆ ಅಸ್ಸಾಂ ಕಡೆಯಿಂದ ಕೆಲಸಕ್ಕೆ ಬಂದವರ ಮಕ್ಕಳು ಕನ್ನಡ ಬಾರದೆ ಶಾಲೆಯಲ್ಲಿ ಹಿಂದಿನ ಬೆಂಚಿಗೆ ಸೇರುತ್ತಾರೆ. ವಾರಕ್ಕೆ ಒಂದು ಗಂಟೆ ಅಂಥ ನಾಲ್ಕು ಮಕ್ಕಳಿಗೆ ಕಥೆ ಓದಿ ಹೇಳುವುದಕ್ಕೆ ಬಿಎಡ್ ಬೇಕಾಗಿಲ್ಲ. ಮೊದಲು ಲೈಬ್ರರಿ ಮೇಲ್ವಿಚಾರಕರನ್ನು ಮಾತಾಡಿಸಿ, ಶಾಲೆಯವರಿಗೂ ಹೇಳಿ. ಆದರೆ ಒಮ್ಮೆ ಶುರು ಮಾಡಿ ಮೂರನೇ ವಾರಕ್ಕೆ ಕೈಬಿಡುವ ಹಾಗಿದ್ದರೆ ದಯವಿಟ್ಟು ಹೋಗಲೇಬೇಡಿ. ಮಕ್ಕಳು ಬಾಗಿಲು ನೋಡುತ್ತಾ ಕೂತಿರುತ್ತಾರೆ.

ರಕ್ತದಾನದ ಬಗ್ಗೆ ಕೇಳುವವರೂ ಜಾಸ್ತಿ. ಹುಟ್ಟುಹಬ್ಬಕ್ಕೆ, ಜಯಂತಿಗೆ ಶಿಬಿರ ಮಾಡಿ ಎಲ್ಲರೂ ಒಂದೇ ದಿನ ಕೊಡುವುದಕ್ಕಿಂತ ವರ್ಷವಿಡೀ ಸ್ವಲ್ಪ ಸ್ವಲ್ಪ ಕೊಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಯಾಕೆಂದರೆ ಕೆಂಪು ರಕ್ತಕಣ ಐದಾರು ವಾರ ಕೆಡದೆ ಇರುತ್ತದೆ, ಪ್ಲೇಟ್‌ಲೆಟ್ ಐದೇ ದಿನ. 18 ತುಂಬಿರಬೇಕು, ತೂಕ ಕನಿಷ್ಠ 45 ಕೆಜಿ ಇರಬೇಕು, ಹಿಮೋಗ್ಲೋಬಿನ್ 12.5 ಇರಬೇಕು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ನಿಮ್ಮ ಗುಂಪು, ಫೋನ್ ನಂಬರ್ ಮಡಿಕೇರಿಯ ಜಿಲ್ಲಾಸ್ಪತ್ರೆಯ ರಕ್ತನಿಧಿಯಲ್ಲಿ ಕೊಟ್ಟಿಡಿ. ಕರೆದಾಗ ಹೋಗಿ.

ಈಗ ಹುಡುಗರಿಗೆ ಒಂದು ಮಾತು, ಸ್ವಲ್ಪ ಖಾರವಾಗಿಯೇ. ಗುಡ್ಡ ಜರಿದ ಜಾಗಕ್ಕೆ ಹಗ್ಗ ಹಿಡಿದುಕೊಂಡು ಬೈಕಿನಲ್ಲಿ ಓಡಬೇಡಿ. ಒಮ್ಮೆ ಜರಿದ ಬರೆ ಮತ್ತೆ ಜರಿಯಬಹುದು. ನಿಮ್ಮನ್ನು ಎತ್ತಲಿಕ್ಕೆ ಇನ್ನೊಂದು ತಂಡ ಬೇಕಾಗುತ್ತದೆ. ರಕ್ಷಣೆ ಕೆಲಸವೇ ಮಾಡಬೇಕು ಅಂತಿದ್ದರೆ ಮಳೆಗಾಲಕ್ಕೆ ಮೊದಲು ತರಬೇತಿ ತಗೊಳ್ಳಿ. ಗೃಹರಕ್ಷಕ ದಳ ಇದೆ. ಕೇಂದ್ರ ಸರ್ಕಾರದ ‘ಆಪದಾ ಮಿತ್ರ’ ಅಂತ ಸ್ವಯಂಸೇವಕರಿಗೆ 12 ದಿನದ ತರಬೇತಿಯ ಯೋಜನೆ ಬಂದಿತ್ತು. ಈ ಸಲ ತರಬೇತಿ ಇದೆಯಾ ಅಂತ ಡಿಸಿ ಕಚೇರಿಯ ವಿಪತ್ತು ನಿರ್ವಹಣಾ ವಿಭಾಗದಲ್ಲಿ ಕೇಳಿ. ಅಲ್ಲಿಯವರೆಗೆ ಜಿಲ್ಲೆಯ ವಿಪತ್ತು ಸಹಾಯವಾಣಿ 1077 ನಂಬರನ್ನು ಮನೆಯ ಎಲ್ಲರ ಫೋನಿನಲ್ಲಿ ಹಾಕಿಡಿ, ಅದೂ ಕೆಲಸವೇ.

ದೂರ ಇರುವವರು ದುಡ್ಡು ಕಳಿಸುತ್ತೇವೆ ಅನ್ನುತ್ತಾರೆ. ಕಳಿಸಿ, ಆದರೆ ರಸೀದಿ ಕೇಳಿ, ಲೆಕ್ಕ ಕೇಳಿ. ಲೆಕ್ಕ ಕೇಳಿದ್ದಕ್ಕೆ ಮುಖ ಸಿಂಡರಿಸುವವರಿಗೆ ಎರಡನೇ ಸಲ ಕಳಿಸಬೇಡಿ. ದುಡ್ಡಿಗಿಂತ ನನಗೆ ಬೇಕಾಗಿರುವುದು ಅವರ ಸಂಜೆಯ ಅರ್ಧ ಗಂಟೆ. ಆನ್‌ಲೈನ್ ಅರ್ಜಿಗಳನ್ನು ಬೆಂಗಳೂರಿನಲ್ಲಿ ಕೂತೇ ತುಂಬಬಹುದು. ನಮ್ಮಲ್ಲಿ ಗಾಳಿ ಬೀಸಿದರೆ ಕರೆಂಟ್ ಇಲ್ಲ, ಕರೆಂಟ್ ಇದ್ದರೆ ನೆಟ್‌ವರ್ಕ್ ಇಲ್ಲ.

ಸಂಘದ ಪ್ರಶ್ನೆ ಉಳಿಯಿತು. ಸೇರಿ, ತಪ್ಪಿಲ್ಲ. ಯುವಕ ಸಂಘ, ಮಹಿಳಾ ಸಮಾಜ, ಸ್ವಸಹಾಯ ಗುಂಪು, ಯಾವುದಾದರೂ. ಹೊಸ ಸಂಘ ಮಾತ್ರ ಕಟ್ಟಬೇಡಿ. ಬೋರ್ಡು, ಲೋಗೋ, ಅಧ್ಯಕ್ಷ ಯಾರು ಅನ್ನುವುದರಲ್ಲೇ ಮೊದಲ ವರ್ಷ ಹೋಗುತ್ತದೆ. ನಾನು ಒಂದು ಕಟ್ಟಿದ್ದೆ, ಅದಕ್ಕೇ ಹೇಳುತ್ತಿದ್ದೇನೆ. ಅದರ ರಬ್ಬರ್ ಸ್ಟಾಂಪ್ ಇನ್ನೂ ಅಂಗಡಿಯ ಡ್ರಾಯರಿನಲ್ಲಿದೆ.

ಕೊನೆಗೆ ಒಬ್ಬ ಹುಡುಗನ ವಿಷಯ. ಹೋದ ವರ್ಷ ಇದೇ ಪ್ರಶ್ನೆ ಹಿಡಿದುಕೊಂಡು ಅಂಗಡಿಗೆ ಬಂದಿದ್ದ. ತುಂಬಾ ನಾಚಿಕೆ ಸ್ವಭಾವ, ಮೈಕ್ ಹಿಡಿಯುವವನಲ್ಲ. ಅವರ ಮನೆಯಲ್ಲಿ ಅಜ್ಜನ ಕಾಲದಿಂದ ಮಳೆ ಅಳೆಯುವ ಡಬ್ಬ ಇದೆ, ಕೊಡಗಿನ ತೋಟದ ಮನೆಗಳಲ್ಲಿ ಇರುವ ಹಾಗೆ. ಇಂಚು, ಸೆಂಟ್ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲಿ ದಿನಾ ಡೈರಿಯಲ್ಲಿ ಬರೆಯುತ್ತಾರೆ, ಡೈರಿ ಮುಚ್ಚಿಡುತ್ತಾರೆ. ಅದನ್ನೇ ಬೆಳಿಗ್ಗೆ ಏಳು ಗಂಟೆಗೆ ಬರೆಯ ಕೆಳಗಿನ ಮನೆಗಳವರ ವಾಟ್ಸಾಪ್ ಗುಂಪಿಗೆ ಹಾಕು ಅಂದೆ. ಜೊತೆಗೆ ಮಳೆ ಬಿಟ್ಟಾಗ ಮೇಲಿನ ದಾರಿಯಲ್ಲಿ ಒಂದು ಸುತ್ತು ಬಾ. ನೆಲದಲ್ಲಿ ಹೊಸ ಬಿರುಕು ಬಂದಿದೆಯಾ, ತಿಳಿ ಇದ್ದ ಒರತೆ ಕೆಂಪಾಗಿದೆಯಾ, ಮರ ವಾಲಿದೆಯಾ ಅಂತ ನೋಡು. ಬರೆ ಜರಿಯುವ ಮೊದಲು ಕಾಣುವ ಗುರುತುಗಳು ಅವು. ಕಂಡರೆ ಪಂಚಾಯಿತಿಗೂ 1077ಕ್ಕೂ ಹೇಳು.

ಮೊದಲ ವಾರ ಯಾರೂ ಉತ್ತರ ಕೊಡಲಿಲ್ಲ. ಒಂದು ದಿನ ಜ್ವರ ಬಂದು ಅವನು ಹಾಕಲಿಲ್ಲ. ಎಂಟು ಗಂಟೆಯೊಳಗೆ ನಾಲ್ಕು ಮನೆಯವರು ಫೋನ್ ಮಾಡಿ ಕೇಳಿದರಂತೆ, ಇವತ್ತು ಎಷ್ಟು ಬಂತು ಅಂತ.

ಇವತ್ತು ಬೆಳಿಗ್ಗೆಯ ಮೆಸೇಜು ಹೀಗಿತ್ತು: “ಎರಡು ಇಂಚು ನಲವತ್ತು ಸೆಂಟ್. ಒರತೆ ತಿಳಿ ಇದೆ. ಜಿಗಣೆ ಜಾಸ್ತಿ, ಮೇಲಿನ ದಾರಿಯಲ್ಲಿ ಬರುವವರು ಉಪ್ಪು ಹಿಡಿದುಕೊಂಡು ಬನ್ನಿ.”