ಪ್ರಶ್ನೆ ಇಟ್ಕೊಂಡು ಹೊರಡಿ: ಇಕ್ಕೇರಿ ಕಾದಂಬರಿಗಾಗಿ ಓಡಾಡುತ್ತಾ ಕಲಿತದ್ದು

ಐತಿಹಾಸಿಕ ಕಾದಂಬರಿ ಬರೆಯಬೇಕು ಅಂದುಕೊಂಡವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಒಂದೇ. ಮೊದಲು ಜಾಗ ನೋಡಿಕೊಂಡು ಬರಬೇಕಾ, ಮೊದಲು ಓದಬೇಕಾ? ನಾನು ಹೇಳೋದು: ಮೊದಲು ಓದಿ. ಆದರೆ ಎಲ್ಲವನ್ನೂ ಓದಿ ಮುಗಿಸಲು ಕಾಯಬೇಡಿ. ಪುಸ್ತಕ ಉತ್ತರ ಕೊಡದ ಪ್ರಶ್ನೆ ಒಂದು ಹುಟ್ಟಿತು ಅಂದರೆ ಆಗ ಬ್ಯಾಗ್ ಎತ್ತಿಕೊಂಡು ಹೊರಡಿ. ಪ್ರಶ್ನೆ ಇಲ್ಲದೆ ಹೋದವರಿಗೆ ಕೋಟೆ ಬರೀ ಕೋಟೆಯಾಗಿ ಕಾಣುತ್ತದೆ. ಫೋಟೋ ಸಿಗುತ್ತದೆ, ಕಥೆ ಸಿಗುವುದಿಲ್ಲ.

ನಾನೀಗ ಬರೆಯುತ್ತಿರುವುದು ಕೆಳದಿ ಅರಸ ವೆಂಕಟಪ್ಪ ನಾಯಕನ ಕಾಲದ ಕಥೆ. ರಾಜಧಾನಿ ಆಗ ಸಾಗರದ ಹತ್ತಿರದ ಇಕ್ಕೇರಿ. ಕಥೆಯ ನಾಯಕ ಮಾತ್ರ ಅರಸನಲ್ಲ, ಘಟ್ಟದ ಮೇಲಿಂದ ಹೊನ್ನಾವರದ ಕಡೆಗೆ ಕಾಳುಮೆಣಸು ಇಳಿಸುವ ಒಬ್ಬ ವ್ಯಾಪಾರಿ. ಇಂಥವರ ಬಗ್ಗೆ ಶಾಸನಗಳಲ್ಲಿ ಹೆಚ್ಚೇನೂ ಸಿಗುವುದಿಲ್ಲ. ದಾನ ಕೊಟ್ಟವರ ಹೆಸರಿದೆ, ಪಡೆದವರ ಹೆಸರಿದೆ, ಗದ್ದೆಯ ಗಡಿ ಕೂಡ ಇದೆ. ಹೇರೆತ್ತು ಹೊಡೆದುಕೊಂಡು ಹೋದವನ ಹೆಸರು ಯಾರು ಕೆತ್ತಿಸುತ್ತಾರೆ?

ಆ ದಾರಿಯಲ್ಲಿ ನಡೆದವನೊಬ್ಬ ಬರೆದಿಟ್ಟಿದ್ದಾನೆ ಅನ್ನುವುದು ನನ್ನ ಅದೃಷ್ಟ. ಅವನ ಹೆಸರು ಪಿಯೆತ್ರೊ ಡೆಲ್ಲಾ ವಾಲೆ, ರೋಮ್ ಊರಿನವನು. ವೆಂಕಟಪ್ಪ ನಾಯಕನ ಬಳಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆ 1623ರಲ್ಲಿ ಗೋವಾದಿಂದ ಹೊನ್ನಾವರಕ್ಕೆ ಬಂದ. ದೋಣಿಯಲ್ಲಿ ಶರಾವತಿಯ ಮೇಲೆ ಗೇರುಸೊಪ್ಪೆಗೆ ಹೋಗಿ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿ ಸೇರಿದ. ಕಂಡದ್ದನ್ನೆಲ್ಲ ನೇಪಲ್ಸ್‌ನ ಗೆಳೆಯನಿಗೆ ಪತ್ರ ಬರೆದ. ಇಕ್ಕೇರಿಯ ಬೀದಿಯಲ್ಲಿ ಬಣ್ಣದ ಕೋಲು ಹಿಡಿದು ಕುಣಿಯುತ್ತಿದ್ದ ಹುಡುಗಿಯರ ಬಗ್ಗೆ ಅದರಲ್ಲಿದೆ. ಅದು ನಮ್ಮ ಕೋಲಾಟವೇ, ಅಲ್ವಾ?

ನನಗೆ ಜಾಸ್ತಿ ಇಷ್ಟವಾದದ್ದು ಇನ್ನೊಂದು ಪ್ರಸಂಗ. ದಾರಿಯ ಒಂದು ಗುಡಿಯ ಜಗಲಿಯಲ್ಲಿ ನಾಲ್ಕು ಹುಡುಗರು ಕೂತು ಲೆಕ್ಕ ಕಲಿಯುತ್ತಿದ್ದಾರೆ. ನೆಲದ ಮೇಲೆ ನುಣ್ಣನೆ ಮರಳು ಹರಡಿದೆ. ಒಬ್ಬ ರಾಗವಾಗಿ ಹೇಳುತ್ತಾ ಬೆರಳಲ್ಲಿ ಅಂಕಿ ಬರೆಯುತ್ತಾನೆ, ಉಳಿದವರು ಹಾಗೇ ಹೇಳಿ ಹಾಗೇ ಬರೆಯುತ್ತಾರೆ. ಮರಳು ತುಂಬಿದರೆ ಅಳಿಸಿ, ಹೊಸದಾಗಿ ಹರಡಿಕೊಳ್ಳುತ್ತಾರೆ. ಮರೆತುಹೋದರೆ ಹೇಳಿಕೊಡುವವರು ಯಾರು ಅಂತ ಡೆಲ್ಲಾ ವಾಲೆ ಕೇಳುತ್ತಾನೆ. ನಾಲ್ವರಿಗೂ ಒಟ್ಟಿಗೆ ಮರೆತುಹೋಗಲು ಹೇಗೆ ಸಾಧ್ಯ ಅನ್ನುವುದು ಹುಡುಗರ ಉತ್ತರ. ಒಂದು ಕಾಲವನ್ನು ನಂಬುವಂತೆ ಮಾಡಲು ಇಂಥ ನಾಲ್ಕು ಸಾಲು ಸಾಕು.

ಹಾಗಂತ ಪ್ರವಾಸಿ ಹೇಳಿದ್ದನ್ನೆಲ್ಲ ಹಾಗೇ ತಗೊಳ್ಳಬಾರದು. ಇದೇ ಡೆಲ್ಲಾ ವಾಲೆ ಮುಂದೆ ಮಂಗಳೂರಿನ ಹತ್ತಿರದ ಮಣೇಲ್‌ನಲ್ಲಿ ಉಳ್ಳಾಲದ ರಾಣಿಯನ್ನು ಕಂಡ. ಆಕೆ ಬರಿಗಾಲಲ್ಲಿ ನಿಂತು ನೀರಿನ ಕಾಲುವೆ ತೋಡಿಸುತ್ತಿದ್ದಳು. ನೋಡಲು ರಾಣಿಯಂತಿಲ್ಲ, ಅಡುಗೆಯವಳಂತೆ ಇದ್ದಾಳೆ ಅನ್ನುವ ಅರ್ಥದಲ್ಲಿ ಬರೆದ. ಮಾತಾಡಿದಾಗ ಜಾಣೆ ಅಂತ ಗೊತ್ತಾಯಿತು ಅಂತಲೂ ಸೇರಿಸಿದ. ಕೂಲಿಯಾಳುಗಳ ಪಕ್ಕ ನಿಂತು ಕೆಲಸ ನೋಡುವ ರಾಣಿ ನಮ್ಮ ಕಣ್ಣಿಗೆ ಬೇರೆ ಥರ ಕಾಣುತ್ತಾಳೆ. ಅವನು ಕಂಡದ್ದನ್ನು ಇಟ್ಟುಕೊಂಡು, ಅವನ ತೀರ್ಪನ್ನು ಬಿಡುವುದು ನಮ್ಮ ಕೆಲಸ. ಅದಕ್ಕೇ ಅವನ ಪತ್ರಗಳ ಪಕ್ಕದಲ್ಲಿ ಸಾಗರ, ಹೊಸನಗರ ತಾಲೂಕುಗಳ ಶಾಸನಗಳನ್ನು ಇಟ್ಟುಕೊಂಡು ಓದುತ್ತೇನೆ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಓಲೆಗರಿಗಳಿವೆ. ಕಡತಗಳನ್ನಂತೂ ಒಮ್ಮೆ ಹತ್ತಿರದಿಂದ ನೋಡಲೇಬೇಕು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಬಳಪದಲ್ಲಿ ಬರೆದ ಲೆಕ್ಕದ ಪುಸ್ತಕ ಅದು. ನನ್ನ ವ್ಯಾಪಾರಿಯ ಕಂಕುಳಲ್ಲಿ ಏನಿರಬೇಕು ಅನ್ನುವುದು ಅಲ್ಲೇ ತೀರ್ಮಾನವಾಯಿತು.

ತಾರೀಖಿನ ವಿಷಯದಲ್ಲಿ ತುಂಬ ಜೋಪಾನ. ಪೋರ್ಚುಗೀಸರದೂ ಡೆಲ್ಲಾ ವಾಲೆಯದೂ ಗ್ರೆಗೋರಿಯನ್ ಲೆಕ್ಕ. ಅದೇ ವರ್ಷದ ಇಂಗ್ಲಿಷರ ಕಾಗದಗಳು ಹಳೇ ಜೂಲಿಯನ್ ಲೆಕ್ಕದವು, 10 ದಿನ ಹಿಂದೆ. ನಮ್ಮ ಶಾಸನದಲ್ಲಾದರೆ ಶಕ 1545, ರುಧಿರೋದ್ಗಾರಿ ಸಂವತ್ಸರ, ಆಮೇಲೆ ಮಾಸ, ತಿಥಿ. ಮೂರನ್ನೂ ಒಂದೇ ಹಾಳೆಯಲ್ಲಿ ಎದುರುಬದುರು ಬರೆದುಕೊಂಡೆ. ಲೆಕ್ಕ ಹಾಕಿದಾಗ ಕಾರ್ತಿಕದ ಅಮಾವಾಸ್ಯೆ ಬಂದದ್ದು 1623ರ ನವೆಂಬರ್ 22ರ ಆಸುಪಾಸು. ಅಂದರೆ ನನ್ನ ಘಟ್ಟದ ಅಧ್ಯಾಯದಲ್ಲಿ ಬೆಳದಿಂಗಳಿಲ್ಲ. ಪಂಜು ಬೇಕು, ಪಂಜಿಗೆ ಎಣ್ಣೆ ಬೇಕು, ಎಣ್ಣೆ ಹೊರಲು ಒಬ್ಬ ಆಳು ಬೇಕು. ಹೀಗೆ ಒಂದು ತಿಥಿಯಿಂದ ಒಂದು ಪಾತ್ರವೇ ಹುಟ್ಟಿತು.

ಇನ್ನು ಪ್ರಯಾಣ. ಹೋದ ಕೂಡಲೇ ಮೊದಲ ಕೆಲಸ ಕಳೆಯುವುದು. ಕಣ್ಣೆದುರು ಇರುವುದರಲ್ಲಿ ಆಗ ಇಲ್ಲದ್ದನ್ನೆಲ್ಲ ಒಂದೊಂದಾಗಿ ತೆಗೆಯುತ್ತಾ ಹೋಗಬೇಕು. ಸಾಗರದ ಆಚೆ ಕಣ್ಣು ಹಾಯಿಸುವಷ್ಟು ದೂರ ಹರಡಿರುವ ನೀರು ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರು. ಅಣೆಕಟ್ಟೆ ಆದದ್ದೇ 1964ರಲ್ಲಿ. ರಸ್ತೆ ಬದಿಯ ಅಕೇಶಿಯಾ ಆಸ್ಟ್ರೇಲಿಯಾದ ಮರ, ಬೇಲಿಯಲ್ಲಿ ಹೂಬಿಟ್ಟ ಲಂಟಾನ ಅಮೆರಿಕ ಖಂಡದ್ದು. ಮಲೆನಾಡಿನ ಹಳೇ ಮನೆ ಅಂದರೆ ನೆನಪಾಗುವ ಕೆಂಪು ಮಂಗಳೂರು ಹೆಂಚು ಕೂಡ ಹೋಗಬೇಕು. ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ನನ್ನ ಕಥೆಯ ಬಡವರ ಮನೆಗೆ ಸೋಗೆ ಹೊದಿಸಿದ್ದೇನೆ. ಅಡುಗೆಮನೆಯಿಂದ ಟೊಮೆಟೊ, ಆಲೂಗಡ್ಡೆ ಎರಡೂ ಹೊರಗೆ. ಖಾರಕ್ಕೆ ಕಾಳುಮೆಣಸು. ಇಷ್ಟೆಲ್ಲ ತೆಗೆದ ಮೇಲೂ ಉಳಿಯುತ್ತದಲ್ಲ, ಏರು, ತಿರುವು, ಹೊಳೆಯ ಸದ್ದು, ಅಘೋರೇಶ್ವರ ದೇವಸ್ಥಾನದ ಕಲ್ಲು, ಅದು ನಮ್ಮದು. ಅದನ್ನು ನಡೆದೇ ನೋಡಬೇಕು. ಬಸ್ಸಿನಲ್ಲಿ ಕೂತವರಿಗೆ ಎತ್ತು ಎಲ್ಲಿ ಏದುಸಿರು ಬಿಡುತ್ತದೆ ಅಂತ ತಿಳಿಯುವುದಿಲ್ಲ.

ಎರಡನೆಯ ಕೆಲಸ ಕೇಳುವುದು. ಹುಡುಗರು ರಾಗವಾಗಿ ಲೆಕ್ಕ ಹೇಳುತ್ತಿದ್ದರು ಅಂತ ಪತ್ರದಲ್ಲಿದೆ. ಯಾವ ರಾಗ? ತಾಳಗುಪ್ಪದ ಕಡೆಯ ಒಬ್ಬ ಅಜ್ಜಿಯನ್ನು ಕೇಳಿದೆ. ‘ನಮ್ಮಪ್ಪಯ್ಯ ಮರಳಲ್ಲೇ ಬರೆದು ಕಲ್ತದ್ದು’ ಅಂದರು. ಆಮೇಲೆ ತೊಡೆ ತಟ್ಟುತ್ತಾ ‘ಎರಡೊಂದ್ಲಿ ಎರಡು, ಎರಡೆರಡ್ಲಿ ನಾಕು’ ಅಂತ ಹತ್ತರವರೆಗೂ ಹಾಡಿದರು. ಪ್ರತಿ ಸಾಲಿನ ಕೊನೆಗೆ ದನಿ ಒಂದು ಮೆಟ್ಟಿಲು ಇಳಿಯುತ್ತಿತ್ತು. 1623ರ ಹುಡುಗರು ಹೀಗೇ ಹೇಳುತ್ತಿದ್ದರು ಅಂತ ನಾನು ವಾದಿಸುವುದಿಲ್ಲ. ಆದರೆ ಆ ಸಾಲುಗಳನ್ನು ಬರೆಯುವಾಗ ನನ್ನ ಕಿವಿಯಲ್ಲಿದ್ದದ್ದು ಅಜ್ಜಿಯ ದನಿ.

ಋತು ನೋಡಿಕೊಂಡು ಹೋಗುವುದು ಎಲ್ಲಕ್ಕಿಂತ ಮುಖ್ಯ. ಕಥೆ ನಡೆಯುವುದು ನವೆಂಬರ್‌ನಲ್ಲಿ, ಹಾಗಾಗಿ ನಾನೂ ನವೆಂಬರ್‌ನಲ್ಲೇ ಹೋದೆ. ಸಾಗರದ ಕಡೆ ಎಲ್ಲೆಲ್ಲೂ ಅಡಿಕೆ ಕೊಯ್ಲಿನ ಗಡಿಬಿಡಿ. ಕಾಳುಮೆಣಸಿನ ಬಳ್ಳಿಗಳು ಅದೇ ಅಡಿಕೆ ಮರಕ್ಕೆ ಹಬ್ಬಿವೆ, ಗೊಂಚಲೆಲ್ಲ ಹಚ್ಚಹಸಿರು. ತೋಟದ ಯಜಮಾನರು ಒಂದು ಗೊಂಚಲು ಬಗ್ಗಿಸಿ ತೋರಿಸಿದರು. ‘ನೋಡಿ ಮಾರಾಯ್ರೆ, ಇದರಲ್ಲಿ ಒಂದೆರಡು ಕಾಳು ಕೆಂಪಾಗ್ಬೇಕು, ಆಮೇಲೇ ಕೊಯ್ಯೋದು. ಇನ್ನೂ ಟೈಮುಂಟು.’ ಒಂದು ಹಸಿ ಕಾಳು ಕಚ್ಚಿದೆ. ಖಾರ ಇತ್ತು, ಒಳಗೆ ಇನ್ನೂ ಮೆತ್ತಗಿತ್ತು. ಕೊಯ್ದ ಮೇಲೂ ಬಿಸಿಲಿಗೆ ಹಾಕಿ ಒಣಗಿಸಬೇಕು. ಮೂರು ಪಾಲು ಹಸಿ ಮೆಣಸು ಒಣಗಿದರೆ ಸುಮಾರು ಒಂದು ಪಾಲು ಉಳಿಯುತ್ತದೆ.

ಹಾಗಾದರೆ 1623ರ ನವೆಂಬರ್‌ನಲ್ಲಿ ನನ್ನ ವ್ಯಾಪಾರಿ ಘಟ್ಟ ಇಳಿಸುತ್ತಿರುವುದು ಯಾವ ಮೆಣಸು? ಹೊಸ ಬೆಳೆ ಆಗಿರಲಾರದು. ಹೋದ ಸುಗ್ಗಿಯದ್ದೇ ಇರಬೇಕು. ಒಂದು ಮಳೆಗಾಲ ಪೂರ್ತಿ ಅದನ್ನು ತೇವ ತಾಗದಂತೆ ಕಾಪಾಡಿದ್ದಾನೆ. ಯಾಕೆ ಮಾರಿರಲಿಲ್ಲ? ಬೆಲೆ ಏರಲಿ ಅಂತಲಾ, ಕೊಳ್ಳುವವರ ಬಳಿ ದುಡ್ಡಿರಲಿಲ್ಲ ಅಂತಲಾ? ಪೋರ್ಚುಗೀಸರ ಕೈ ಆ ಹೊತ್ತಿಗೆ ಬಿಗಿಯಾಗಿತ್ತು. ಪರ್ಶಿಯಾ ಕೊಲ್ಲಿಯ ಬಾಯಲ್ಲಿದ್ದ ವ್ಯಾಪಾರದ ಬಂದರು ಹೊರ್ಮುಜ್ 1622ರಲ್ಲೇ ಅವರ ಕೈತಪ್ಪಿ ಹೋಗಿತ್ತು. ನನ್ನ ವ್ಯಾಪಾರಿ ಸಾಲಗಾರನಾದದ್ದು, ಗೇರುಸೊಪ್ಪೆಯ ದೋಣಿಗಟ್ಟೆಯಲ್ಲಿ ತಲೆತಗ್ಗಿಸಿ ಚೌಕಾಶಿಗೆ ನಿಲ್ಲುವಂತಾದದ್ದು ಈ ಲೆಕ್ಕದಿಂದ. ಇದು ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ.

ಈಗ ಮುಂದಿನ ಪ್ರಶ್ನೆ ಹುಟ್ಟಿದೆ. ಆ ವರ್ಷ ಗೋವಾದ ಪೋರ್ಚುಗೀಸರು ಮೆಣಸು ಕೊಳ್ಳುವ ಬಗ್ಗೆ ಏನೇನು ಬರೆದುಕೊಂಡರು? ಗೋವಾ ಮತ್ತು ಲಿಸ್ಬನ್ ನಡುವೆ ಓಡಾಡಿದ ಪತ್ರಗಳ ಕಟ್ಟುಗಳು ಪಣಜಿಯ ದಾಖಲೆ ಸಂಗ್ರಹದಲ್ಲಿವೆ. ಹಳೇ ಪೋರ್ಚುಗೀಸ್ ಕೈಬರಹ ಓದಬಲ್ಲ ಸ್ನೇಹಿತರೊಬ್ಬರು ಜೊತೆಗೆ ಬರಲು ಒಪ್ಪಿದ್ದಾರೆ. ಮಳೆ ನಿಂತ ಮೇಲೆ ಹೊರಡುತ್ತೇವೆ.